ಯಕ್ಷಗಾನ ಮತ್ತು ಜಾವಾದ ವಯಾಂಗ್: ಎರಡು ಹಿಮ್ಮೇಳಗಳನ್ನು ಒಂದೇ ರಂಗದಲ್ಲಿ ಕೂರಿಸುವ ಬಗೆ

ಏಷ್ಯಾದ ಎರಡು ದೇಶಗಳ ಕಲಾವಿದರು ಕೂಡಿ ಆಟ ಕಟ್ಟಲು ಹೊರಟಾಗ ಎಲ್ಲರೂ ಮೊದಲು ಹುಡುಕುವುದು ಕತೆಯನ್ನು. ಮಹಾಭಾರತ ನಮ್ಮಲ್ಲೂ ಇದೆ, ಅವರಲ್ಲೂ ಇದೆ, ಹಾಗಾಗಿ ಅರ್ಧ ಕೆಲಸ ಮುಗಿಯಿತು ಎಂಬ ಲೆಕ್ಕ. ಬಡಗುತಿಟ್ಟು ಯಕ್ಷಗಾನದ ಹಿಮ್ಮೇಳವನ್ನೂ ಜಾವಾದ ತೊಗಲುಗೊಂಬೆ ನೆರಳಾಟವಾದ ವಯಾಂಗ್ ಕುಲಿತ್ ತಂಡವನ್ನೂ ಜೊತೆಗೆ ಕೂರಿಸುವ ಕೆಲಸದಲ್ಲಿ ನಾವು ಕಂಡುಕೊಂಡದ್ದು ಬೇರೆ. ಕತೆ ಹೇಗೋ ದಾರಿ ಮಾಡಿಕೊಳ್ಳುತ್ತದೆ. ಮೊದಲು ಇತ್ಯರ್ಥ ಆಗಬೇಕಾದದ್ದು, ರಂಗದ ಮೇಲೆ ಯಾವ ಹೊತ್ತಿನಲ್ಲಿ ಯಾರ ಹಿಡಿತ, ಆ ಹಿಡಿತ ಯಾವ ಸದ್ದಿನಿಂದ ಕೈ ಬದಲಾಯಿಸುತ್ತದೆ ಎಂಬ ವಿಷಯ. ಇದನ್ನು ಬಿಟ್ಟು ಶುರು ಮಾಡಿದ ಜಂಟಿ ಪ್ರಯೋಗದಲ್ಲಿ ಒಬ್ಬರು ಆಡುತ್ತಾರೆ, ಇನ್ನೊಬ್ಬರು ಹಿನ್ನೆಲೆ ಸಂಗೀತ ಕೊಡುತ್ತಾರೆ. ಅದಕ್ಕೆ ಸಹಯೋಗ ಎಂದು ಹೆಸರಿಡುವುದು ಸರಿಯಲ್ಲ.

ಈ ಎರಡು ಕಲೆಗಳನ್ನು ಆರಿಸಿದ್ದಕ್ಕೆ ಕಾರಣವೂ ಅಲ್ಲೇ ಇದೆ. ಎರಡಕ್ಕೂ ರಂಗದ ಮೇಲೇ ಕೂತು ಆಟ ನಡೆಸುವ ಯಜಮಾನರಿದ್ದಾರೆ. ನಮ್ಮಲ್ಲಿ ಭಾಗವತರು, ಅವರಲ್ಲಿ ದಲಂಗ್. ದಲಂಗ್ ಪರದೆಯ ಮುಂದೆ ಕೂತು ಎಲ್ಲ ಗೊಂಬೆಗಳನ್ನೂ ತಾವೇ ಆಡಿಸುತ್ತಾರೆ, ಎಲ್ಲ ಪಾತ್ರಗಳ ಮಾತನ್ನೂ ತಾವೇ ಆಡುತ್ತಾರೆ. ಗೊಂಬೆಯ ಪೆಟ್ಟಿಗೆಗೆ ಮರದ ಕೊಡತಿಯಿಂದ ಕುಟ್ಟಿ, ಕಾಲಿನಿಂದ ಲೋಹದ ತಗಡುಗಳನ್ನು ಬಡಿದು ಗಮೆಲಾನ್ ಎಂಬ ಕಂಚಿನ ವಾದ್ಯಮೇಳದವರಿಗೆ ಕ್ಯೂ ಕೊಡುತ್ತಾರೆ. ಇಬ್ಬರಲ್ಲೂ ಮಾತು ಆಶುವಾಗಿ ಬೆಳೆಯುತ್ತದೆ, ಇಬ್ಬರದೂ ಮೂಲದಲ್ಲಿ ಬೆಳಗಿನವರೆಗಿನ ಆಟ. ಹಾಗಾಗಿ ಇಬ್ಬರು ಯಜಮಾನರನ್ನು ಕೂರಿಸಿ ಮೇಲೊಬ್ಬ ನಿರ್ದೇಶಕನನ್ನು ತರುವ ಅಗತ್ಯ ನಮಗೆ ಕಾಣಲಿಲ್ಲ.

ಒಬ್ಬ ನಿರ್ದೇಶಕನ ಮಾದರಿಗೆ ಏಷ್ಯಾದಲ್ಲಿ ದೊಡ್ಡ ಇತಿಹಾಸವೇ ಇದೆ. ಸಿಂಗಪುರದ ಓಂಗ್ ಕೆಂಗ್ ಸೆನ್ 1996ರಲ್ಲಿ ಫ್ಲೈಯಿಂಗ್ ಸರ್ಕಸ್ ಪ್ರಾಜೆಕ್ಟ್ ಶುರು ಮಾಡಿ ಬೇರೆ ಬೇರೆ ದೇಶಗಳ ಕಲಾವಿದರನ್ನು ಒಂದೆಡೆ ಸೇರಿಸಿದರು. 1997ರಲ್ಲಿ ಜಪಾನ್ ಫೌಂಡೇಷನ್ನಿನ ಬೆಂಬಲದಲ್ಲಿ ಅವರು ಮಾಡಿಸಿದ ‘ಲಿಯರ್’ನಲ್ಲಿ ಜಪಾನಿನ ನೋ ರಂಗಕಲೆ, ಚೀನಾದ ಪೀಕಿಂಗ್ ಒಪೇರಾ, ಥಾಯ್ ನೃತ್ಯದವರೆಲ್ಲ ತಂತಮ್ಮ ಭಾಷೆಯಲ್ಲೇ ಆಡಿದರು. ಅದು ಎಷ್ಟು ಮೆಚ್ಚುಗೆ ಪಡೆಯಿತೋ ಅಷ್ಟೇ ಪ್ರಶ್ನೆಗಳನ್ನೂ ಎಬ್ಬಿಸಿತು: ಹಣ ಯಾರದು, ಒಟ್ಟು ಅರ್ಥವನ್ನು ನಿರ್ಧರಿಸುವವರು ಯಾರು? ಆಮೇಲಿನ ತಲೆಮಾರು ಉತ್ತರವನ್ನು ವ್ಯವಸ್ಥೆಯಲ್ಲೇ ಹುಡುಕಿತು. 2014ರಲ್ಲಿ ನಿರ್ಮಾಪಕರೇ ಸೇರಿ ಏಷ್ಯನ್ ಪ್ರೊಡ್ಯೂಸರ್ಸ್ ಪ್ಲಾಟ್‌ಫಾರ್ಮ್ ಕಟ್ಟಿಕೊಂಡರು, 2016ರಲ್ಲಿ ಪ್ರಯೋಗದ ಕಟ್ಟಡ, ಅರ್ಥ ನೋಡಿಕೊಳ್ಳುವ ಡ್ರಾಮಟರ್ಗ್‌ಗಳ ಏಷ್ಯನ್ ಡ್ರಾಮಟರ್ಗ್ಸ್ ನೆಟ್‌ವರ್ಕ್ ಬಂತು, 2017ರಲ್ಲಿ ತೈಪೆಯಲ್ಲಿ ಆಡಮ್ ಎಂಬ ಕೂಟ ಶುರುವಾಗಿ, ಮುಗಿದ ಪ್ರದರ್ಶನಕ್ಕಿಂತ ಕಲಾವಿದರ ಹುಡುಕಾಟಕ್ಕೇ ವೇದಿಕೆ ಕೊಟ್ಟಿತು. ನಮ್ಮ ಹೆಸರಘಟ್ಟದ ನೃತ್ಯಗ್ರಾಮ ಮತ್ತು ಶ್ರೀಲಂಕಾದ ಚಿತ್ರಸೇನ ತಂಡ 2012ರಲ್ಲಿ ಮಾಡಿದ ‘ಸಂಹಾರ’ ನಮಗೆ ಇನ್ನೂ ಹತ್ತಿರದ ಉದಾಹರಣೆ. ಒಡಿಸ್ಸಿ ಒಡಿಸ್ಸಿಯಾಗಿಯೇ, ಕ್ಯಾಂಡಿ ನೃತ್ಯ ಕ್ಯಾಂಡಿ ನೃತ್ಯವಾಗಿಯೇ ಉಳಿದು ಎದುರುಬದುರು ನಿಂತವು. ನಾವು ಹಿಡಿದದ್ದೂ ಅದೇ ಹಾದಿ.

ಮೊದಲ ಸಿದ್ಧತೆ

ತಾಲೀಮಿನ ಹೊತ್ತು ಗೊತ್ತು ಮಾಡುವಾಗ ಎರಡೂ ಕಡೆಯ ವರ್ಷದ ಲೆಕ್ಕ ನೋಡಬೇಕು. ನಮ್ಮ ಮೇಳಗಳು ದೀಪಾವಳಿ ಕಳೆದ ಮೇಲೆ ಹೊರಟು ಮೇ ಕೊನೆಗೆ ಬರುವ ಪತ್ತನಾಜೆಗೆ ಗೆಜ್ಜೆ ಬಿಚ್ಚುತ್ತವೆ. ಜೂನ್‌ನಿಂದ ಅಕ್ಟೋಬರ್ ತನಕ ಒಳ್ಳೆಯ ಹಿಮ್ಮೇಳದವರು ಸಿಗುತ್ತಾರೆ. ಜಾವಾದಲ್ಲಿ ಉಪವಾಸದ ತಿಂಗಳಿನಲ್ಲಿ ವಯಾಂಗ್ ಆಟಗಳು ಕಡಿಮೆ, ಜಾವಾ ವರ್ಷದ ಮೊದಲ ತಿಂಗಳಾದ ಸುರೋದಲ್ಲಿ ದಲಂಗರಿಗೆ ಬಿಡುವಿಲ್ಲ. ಇವೆರಡೂ ಚಾಂದ್ರಮಾನದವು, ವರ್ಷವರ್ಷವೂ ಹಿಂದಕ್ಕೆ ಸರಿಯುತ್ತವೆ. ಆಯಾ ವರ್ಷದ ಪಂಚಾಂಗ ನೋಡಿಯೇ ದಿನ ಗೊತ್ತು ಮಾಡಿ.

ಕೆಲಸವನ್ನು ಮೂರು ಹಂತ ಮಾಡಿಕೊಳ್ಳುವುದು ಒಳ್ಳೆಯದು. ಜಾವಾದಲ್ಲಿ ಹತ್ತು ದಿನ, ಮೂರು ನಾಲ್ಕು ತಿಂಗಳು ಬಿಟ್ಟು ಇಲ್ಲಿ ಎರಡು ವಾರ, ಪ್ರದರ್ಶನಕ್ಕೆ ಮೊದಲು ಒಂದು ವಾರ. ನಡುವಿನ ತಿಂಗಳುಗಳು ವ್ಯರ್ಥವಲ್ಲ. ಇನ್ನೊಬ್ಬರ ಕಾಲಪ್ರಮಾಣ ಕೈಗೆ ಇಳಿಯಲು ಆ ಅವಧಿ ಬೇಕೇ ಬೇಕು. ಒಂದೇ ಸಲ ಒಂದು ತಿಂಗಳು ಕೂಡಿಹಾಕಿದರೆ ಖರ್ಚು ಕಡಿಮೆ ಬೀಳುತ್ತದೆ, ಆದರೆ ಎರಡನೇ ವಾರಕ್ಕೆ ಎಲ್ಲರೂ ಸುಲಭದ ರಾಜಿಗೆ ಬರುತ್ತಾರೆ.

ಮೊದಲ ಹಂತದಲ್ಲಿ ಜಂಟಿ ತಾಲೀಮು ಇಡಬೇಡಿ. ಇಡೀ ರಾತ್ರಿಯ ಒಂದು ವಯಾಂಗ್ ಆಟವನ್ನು ನಮ್ಮವರೆಲ್ಲ ಕೂತು ನೋಡಬೇಕು, ಪರದೆಯ ಎರಡೂ ಬದಿಯಿಂದ. ಹಾಗೆಯೇ ಅವರು ಇಲ್ಲಿಗೆ ಬಂದಾಗ ಇಡೀ ರಾತ್ರಿಯ ಯಕ್ಷಗಾನ ತೋರಿಸಬೇಕು, ವೇಷ ಕಟ್ಟುವ ಚೌಕಿಯಿಂದ ಹಿಡಿದು. ವಿಡಿಯೊ ಸಾಲದು. ರಾತ್ರಿ ಒಂದು ಗಂಟೆಗೂ ನಸುಕಿನ ನಾಲ್ಕಕ್ಕೂ ಹಿಮ್ಮೇಳದ ಬಿಸಿ ಹೇಗೆ ಬದಲಾಗುತ್ತದೆ ಎಂಬುದು ಕೂತು ಕೇಳಿದವರಿಗಷ್ಟೇ ತಿಳಿಯುವ ಸಂಗತಿ.

ತಂಡ ಹನ್ನೆರಡು ಹದಿಮೂರು ಜನರನ್ನು ಮೀರದಿರಲಿ. ನಮ್ಮ ಕಡೆ ಭಾಗವತರು, ಮದ್ದಳೆ, ಚಂಡೆ, ಇಬ್ಬರು ವೇಷಧಾರಿಗಳು. ಅವರ ಕಡೆ ದಲಂಗ್, ಒಬ್ಬ ಗಾಯಕಿ, ನಾಲ್ಕು ವಾದಕರು. ಉಳಿದವರು ಬೆಳಕು ಮತ್ತು ದುಭಾಷಿ. ಪೂರ್ಣ ಗಮೆಲಾನ್ ಎಂದರೆ ಕಂಚಿನ ರಾಶಿ, ವಿಮಾನಕ್ಕೆ ಹತ್ತಿಸುವ ಮಾತಲ್ಲ. ಗಾದೋನ್ ಎಂಬ ಸಣ್ಣ ಜೋಡಣೆ ಸಾಕು: ಕಂಚಿನ ಪಟ್ಟಿಗಳ ಗೆಂಡೇರ್, ಕಮಾನಿನಿಂದ ನುಡಿಸುವ ತಂತಿವಾದ್ಯ ರೆಬಾಬ್, ಕೆಂದಾಂಗ್ ಎಂಬ ಚರ್ಮವಾದ್ಯ, ಜೊತೆಗೆ ದೊಡ್ಡ ಗೊಂಗಿನ ಬದಲು ಗೊಂಗ್ ಕೆಮೋದೋಂಗ್. ಪೆಟ್ಟಿಗೆಯ ಮೇಲೆ ತೂಗುವ ಲೋಹದ ಪಟ್ಟಿಗಳಿಂದ ಗೊಂಗಿನ ಗುಂಗು ಹುಟ್ಟಿಸುವ ವಾದ್ಯ ಅದು, ಸಾಗಿಸಲು ಹಗುರ. ಕೆನೋಂಗ್ ಮತ್ತು ಕೆಂಪುಲ್ ಎಂಬ ಎರಡು ಬಗೆಯ ಗಂಟೆಗಳಲ್ಲಿ ಬೇಕಾದ ಒಂದೊಂದನ್ನು ಮಾತ್ರ ತಂದರೆ ಆಯಿತು.

ಶ್ರುತಿ

ಮೊದಲ ದಿನವೇ ಎದುರಾಗುವ ತೊಡಕು ಇದು. ಗಮೆಲಾನಿನ ಕಂಚನ್ನು ಸ್ಥಳದಲ್ಲಿ ಶ್ರುತಿ ಮಾಡಲು ಬರುವುದಿಲ್ಲ. ಕಮ್ಮಾರ ಅದನ್ನು ಎಲ್ಲಿಗೆ ತಂದು ನಿಲ್ಲಿಸಿದನೋ ಅಲ್ಲೇ. ಮೇಲಾಗಿ ಒಂದು ಗಮೆಲಾನಿನ ಶ್ರುತಿ ಇನ್ನೊಂದರದಾಗಿರುವುದಿಲ್ಲ. ಆದ್ದರಿಂದ ಹೊಂದಿಕೊಳ್ಳಬೇಕಾದವರು ನಾವೇ.

ಫೋನಿನ ಟ್ಯೂನರ್ ಆ್ಯಪ್ ಹಿಡಿದು ಗೆಂಡೇರಿನ ಒಂದೊಂದೇ ಪಟ್ಟಿ ಬಾರಿಸಿ ಹರ್ಟ್ಸ್ ಬರೆದುಕೊಳ್ಳಿ. ಬಡಿದ ಕ್ಷಣದ ಅಂಕಿ ಬೇಡ, ಒಂದು ಸೆಕೆಂಡ್ ಕಳೆದ ಮೇಲಿನದು ನಿಜವಾದದ್ದು. ಭಾಗವತರದು ಕಪ್ಪು ಮೂರು ಎಂದಿಟ್ಟುಕೊಳ್ಳಿ, ಅಂದರೆ ಸುಮಾರು 185 ಹರ್ಟ್ಸ್. ಗೆಂಡೇರಿನಲ್ಲಿ ಅದಕ್ಕೆ ಅತಿ ಹತ್ತಿರದ ಸ್ವರವನ್ನು ಷಡ್ಜ ಮಾಡಿಕೊಂಡು ಭಾಗವತರು ಅಷ್ಟು ಮೇಲೆ ಅಥವಾ ಕೆಳಗೆ ಸರಿಯಬೇಕು. ಅರ್ಧ ಮನೆಯ ಒಳಗಿನ ಸರಿತ ಮದ್ದಳೆಗೂ ನಡೆಯುತ್ತದೆ. ಅದಕ್ಕಿಂತ ಹೆಚ್ಚಾದರೆ ಮದ್ದಳೆಯ ಕಪ್ಪು ಬೊಟ್ಟಿನ, ಅಂದರೆ ಕರ್ಣೆಯ, ನಾದ ಸತ್ತುಹೋಗುತ್ತದೆ, ಬೇರೆ ಮದ್ದಳೆ ಬೇಕು. ಮೂರು ಮದ್ದಳೆ ಜೊತೆಗಿಟ್ಟುಕೊಳ್ಳಿ.

ಗಮೆಲಾನಿನ ಸ್ಲೆಂದ್ರೋ ಐದು ಸ್ವರದ ಶ್ರೇಣಿ ಎಂದು ಕೇಳಿದ ಕೂಡಲೇ ನಮ್ಮವರು ಮೋಹನ ಹಾಡಲು ಹೊರಡುತ್ತಾರೆ. ಅದು ಸೇರುವುದಿಲ್ಲ. ಸ್ವರಗಳ ಅಂತರ ಅಳೆಯುವ ಸೆಂಟ್ ಲೆಕ್ಕದಲ್ಲಿ ಒಂದು ಸ್ಥಾಯಿಗೆ 1200. ಅದನ್ನು ಸ್ಲೆಂದ್ರೋ ಹೆಚ್ಚುಕಡಿಮೆ ಸಮನಾಗಿ ಐದು ಪಾಲು ಮಾಡುತ್ತದೆ: 0, 240, 480, 720, 960. ಮೋಹನದ ಗಾಂಧಾರ 400ರ ಆಸುಪಾಸು, ಎದುರಿಗೆ ಗೆಂಡೇರ್ ನುಡಿಯುವುದು 480. ಮಧ್ಯಮಾವತಿಯಾದರೆ ರಿಷಭ 204, ಮಧ್ಯಮ 498, ಪಂಚಮ 702, ನಿಷಾದ 996. ಮಧ್ಯಮ ಮತ್ತು ಪಂಚಮದಲ್ಲಿ ಅಂತರ 18 ಸೆಂಟ್, ರಿಷಭ ನಿಷಾದಗಳಲ್ಲಿ 36. ಕಂಠ ಇಷ್ಟನ್ನು ತಾನಾಗಿಯೇ ಸರಿದೂಗಿಸಿಕೊಳ್ಳುತ್ತದೆ. ನಿಜವಾದ ವಾದ್ಯಗಳು ಈ ಲೆಕ್ಕದಿಂದ ಆಚೀಚೆ ಇರುತ್ತವೆ, ಆದ್ದರಿಂದ ನಿಮ್ಮ ಎದುರಿನ ಗೆಂಡೇರಿನ ಅಂಕಿಯನ್ನೇ ನಂಬಿ.

ಹೊಂದಿಸಿಕೊಳ್ಳದಿರುವುದು ಶ್ರುತಿಪೆಟ್ಟಿಗೆ ಮಾತ್ರ. ಅದು 702ರ ಪಂಚಮವನ್ನು ಬಿಡದೆ ಹಿಡಿದಿರುತ್ತದೆ, ಗೆಂಡೇರ್ 720ರಲ್ಲಿ ನುಡಿಯುತ್ತದೆ, ಎರಡೂ ಸೇರಿ ಅಲೆ ಅಲೆಯಾಗಿ ಅದುರುತ್ತವೆ. ಗಾಯಕರು ತಮ್ಮದೇ ತಪ್ಪೆಂದು ತಿಳಿದು ಗಂಟಲು ಬಿಗಿಯುತ್ತಾರೆ. ಜಂಟಿ ಭಾಗಗಳಲ್ಲಿ ಶ್ರುತಿಪೆಟ್ಟಿಗೆ ಬಂದ್ ಮಾಡಿ. ಭಾಗವತರು ಗೆಂಡೇರಿನಿಂದಲೇ ಶ್ರುತಿ ತೆಗೆದುಕೊಳ್ಳಲಿ. ಮೊದಲೆರಡು ದಿನ ಹಿರಿಯ ಭಾಗವತರಿಗೆ ಕಾಲ ಕೆಳಗಿನ ನೆಲ ಸರಿದಂತೆ ಅನಿಸುತ್ತದೆ. ಅವಸರಪಡಿಸದೆ, ಆಲಾಪನೆಯನ್ನಷ್ಟೇ ಅರ್ಧ ಗಂಟೆ ಹಾಡಲು ಬಿಡಿ.

ತಾಳ ಮತ್ತು ಗೊಂಗ್

ನಮ್ಮ ಕೆಲಸದ ತಿರುಳು ಇಲ್ಲಿದೆ. ನಮ್ಮ ತಾಳದ ಭಾರ ಮೊದಲ ಪೆಟ್ಟಿನ ಮೇಲೆ. ಗಮೆಲಾನಿನ ಭಾರ ಕೊನೆಯದರ ಮೇಲೆ. ಅವರು ನಾಲ್ಕು ನಾಲ್ಕು ಪೆಟ್ಟುಗಳ ಗುಂಪು ಮಾಡಿ ಬರೆಯುತ್ತಾರೆ, ಒತ್ತು ನಾಲ್ಕನೆಯದಕ್ಕೆ. ಲಾದ್ರಾಂಗ್ ಎಂಬ ಬಂಧದಲ್ಲಿ 32 ಪೆಟ್ಟು, ಗೊಂಗ್ ಬೀಳುವುದು 32ನೆಯದರಲ್ಲಿ. ಅವರ 32ನೇ ಪೆಟ್ಟು ನಮ್ಮ ಒಂದನೇ ಪೆಟ್ಟು. ಎರಡೂ ಕಡೆಯವರು ಬಾಯಲ್ಲಿ ಅಂಕಿ ಎಣಿಸುತ್ತ ಕೂತರೆ ಯಾವಾಗಲೂ ಒಂದು ಪೆಟ್ಟಿನ ವ್ಯತ್ಯಾಸ ಉಳಿಯುತ್ತದೆ, ನಮ್ಮ ಮುಕ್ತಾಯ ಗೊಂಗಿನ ಮರುಪೆಟ್ಟಿಗೆ ಹೋಗಿ ಬೀಳುತ್ತದೆ. ಪರಿಹಾರ ಸರಳ: ಅಂಕಿ ನಿಲ್ಲಿಸಿ. ಗೊಂಗ್ ಬೀಳುವ ಜಾಗಕ್ಕೆ ಸೊನ್ನೆ ಎಂದು ಗುರುತು ಹಾಕಿ, ಎರಡೂ ಕಡೆಯವರು ಅಲ್ಲಿಂದ ಮುಂದಕ್ಕೆ ಬಾಯಿತಾಳ ಹೇಳಲಿ.

ದೊಡ್ಡ ಚೌಕುಳಿ ಹಾಳೆಯಲ್ಲಿ 32 ಕಂಬ ಎಳೆದು ಗೋಡೆಗೆ ಅಂಟಿಸಿ. ಮೇಲಿನ ಸಾಲಿನಲ್ಲಿ ಗಮೆಲಾನ್: ಕೆನೋಂಗ್ 8, 16, 24, 32ರಲ್ಲಿ, ಕೆಂಪುಲ್ 12, 20, 28ರಲ್ಲಿ, ಗೊಂಗ್ 32ರಲ್ಲಿ. ಕೆಳಗಿನ ಸಾಲಿನಲ್ಲಿ ನಮ್ಮ ತಾಳ. ಏಕತಾಳದ ನಾಲ್ಕು ಅಕ್ಷರ ಎಂಟು ಸಲಕ್ಕೆ ನೇರವಾಗಿ ಕೂರುತ್ತದೆ, ಅಷ್ಟೇ ನೀರಸವಾಗಿಯೂ ಇರುತ್ತದೆ. ತ್ರಿವುಡೆಯನ್ನು ಕೂರಿಸಿ ನೋಡಿ. ಏಳಕ್ಷರದ ಆವರ್ತ ಗೊಂಗಿನಿಂದ ಹೊರಟು 7ರಲ್ಲಿ ಮುಗಿಯುತ್ತದೆ, ಕೆನೋಂಗಿಗೆ ಒಂದು ಪೆಟ್ಟು ಮೊದಲು. ಎರಡನೆಯದು 14ರಲ್ಲಿ, ಕೆನೋಂಗಿಗೆ ಎರಡು ಪೆಟ್ಟು ಮೊದಲು. ಮೂರನೆಯದು 21ರಲ್ಲಿ, ಮೂರು ಪೆಟ್ಟು ಮೊದಲು. ಎರಡು ಹಿಮ್ಮೇಳಗಳು ಒಂದನ್ನೊಂದು ಬಿಟ್ಟು ದೂರ ಸರಿಯುತ್ತಿರುವುದು ಕಿವಿಗೆ ಸ್ಪಷ್ಟವಾಗಿ ಗೊತ್ತಾಗುತ್ತದೆ. ನಾಲ್ಕನೇ ಆವರ್ತ ಮುಗಿಯುವುದು 28ರಲ್ಲಿ, ಅಲ್ಲೇ ಕೆಂಪುಲ್ ಬೀಳುತ್ತದೆ. ಆ ಕೆಂಪುಲ್ ಕೇಳಿದ ಕೂಡಲೇ ಚಂಡೆ ನಾಲ್ಕಕ್ಷರದ ಮುಕ್ತಾಯ ತೆಗೆದುಕೊಂಡರೆ ಎಲ್ಲರೂ ಒಟ್ಟಿಗೆ ಗೊಂಗಿಗೆ ಇಳಿಯುತ್ತಾರೆ. ಅಷ್ಟತಾಳದ 14 ಅಕ್ಷರ ಎರಡು ಆವರ್ತಕ್ಕೆ ಇದೇ 28ಕ್ಕೆ ಬರುತ್ತದೆ. ಝಂಪೆಯ ಹತ್ತು ಮೂರು ಸಲಕ್ಕೆ 30, ರೂಪಕದ ಆರು ಐದು ಸಲಕ್ಕೆ 30. ಅಲ್ಲಿ ಯಾವ ಗಂಟೆಯೂ ಇಲ್ಲ, ಉಳಿಯುವುದೂ ಎರಡೇ ಅಕ್ಷರ, ಮುಕ್ತಾಯಕ್ಕೆ ಜಾಗವಿಲ್ಲ. ತ್ರಿವುಡೆ ಅಷ್ಟಗಳ ಪದ್ಯಗಳನ್ನೇ ಆರಿಸಿಕೊಳ್ಳಲು ಇದೇ ಕಾರಣ.

ಗಮೆಲಾನ್ ಗತಿ ಬದಲಿಸುವ ಕ್ರಮ ನಮ್ಮದಕ್ಕಿಂತ ಬೇರೆ. ಮೂಲ ಪೆಟ್ಟು ಅರ್ಧದಷ್ಟು ನಿಧಾನವಾಗಿ, ಸಣ್ಣ ವಾದ್ಯಗಳು ಅಷ್ಟೇ ಒತ್ತಾಗಿ ತುಂಬುತ್ತವೆ. ಆಗ ಒಂದು ಪೆಟ್ಟಿಗೆ ಮದ್ದಳೆ ಎರಡಕ್ಷರ ಹಿಡಿಯಬೇಕು. ಒಟ್ಟು 64 ಅಕ್ಷರ, ತ್ರಿವುಡೆ ಎಂಟು ಆವರ್ತಕ್ಕೆ 56, ಅದೂ ಅದೇ ಕೆಂಪುಲಿಗೇ ಬರುತ್ತದೆ. ಮುಕ್ತಾಯಕ್ಕೆ ಎಂಟಕ್ಷರ ಸಿಗುತ್ತದೆ, ಚಂಡೆಯವರಿಗೆ ಹಬ್ಬ. ಹುಷಾರಾಗಿರಬೇಕಾದದ್ದು ಕೊನೆಯಲ್ಲಿ. ಮುಗಿಸುವ ಗೊಂಗಿನ ಮುಂದೆ ಅವರು ಎಳೆದು ನಿಧಾನಿಸುತ್ತಾರೆ, ನಮ್ಮ ಕೈ ಮುಗಿಸುವಾಗ ಏರುತ್ತದೆ. ಚಂಡೆ ಮೊದಲೇ ಮುಗಿದು ಗೊಂಗ್ ಒಂಟಿಯಾಗಿ ಬೀಳುತ್ತದೆ. ಇದನ್ನು ತಪ್ಪಿಸಲು ಕೂರಿಸುವ ಕ್ರಮವೇ ಸಾಕು: ಮದ್ದಳೆಯವರೂ ಕೆಂದಾಂಗ್‌ನವರೂ ಒಬ್ಬರ ಕೈ ಇನ್ನೊಬ್ಬರಿಗೆ ಕಾಣುವಂತೆ ಎದುರುಬದುರು ಕೂರಬೇಕು. ಉಳಿದವರು ತಮ್ಮ ತಮ್ಮ ಕಡೆಯ ಆ ಒಬ್ಬರನ್ನು ಹಿಡಿದರೆ ಸಾಕು.

ಹಿಡಿತ ಯಾರದು

ಪ್ರಸಂಗವನ್ನು ಬರೆಯುವ ಹಾಳೆಯಲ್ಲಿ ಮಾತಿನ ಪಕ್ಕ ಇನ್ನೊಂದು ಕಂಬ ಇರಲಿ. ಈ ಭಾಗದ ಯಜಮಾನರು ಭಾಗವತರೋ ದಲಂಗ್ ಅವರೋ, ಹಿಡಿತ ಬದಲಾಗುವುದು ಯಾವ ಸದ್ದಿಗೆ? ತಲೆ ಆಡಿಸುವುದು, ಕಣ್ಸನ್ನೆ ಬೇಡ. ಪರದೆ ನಡುವೆ ಇರುತ್ತದೆ, ಬೆಳಕು ಕಡಿಮೆ, ಕಾಣುವುದಿಲ್ಲ. ಪೆಟ್ಟಿಗೆಯ ಮೇಲೆ ಬೀಳುವ ಕೊಡತಿಯ ಎರಡು ಪೆಟ್ಟು, ಭಾಗವತರ ತಾಳದ ಒಂದು ಬಿಡಿ ಪೆಟ್ಟು, ಇಂಥವು ಸಾಕು. ಒಂದೂವರೆ ಗಂಟೆಯ ಆಟದಲ್ಲಿ ಇಂಥ ಬದಲಾವಣೆ ಆರೇಳಕ್ಕಿಂತ ಹೆಚ್ಚಿದರೆ ಯಾರಿಗೂ ಉಸಿರಾಡಲು ಜಾಗ ಇರುವುದಿಲ್ಲ.

ಅರ್ಥಗಾರಿಕೆಗೆ ಕಡಿವಾಣ ಹಾಕಬಾರದು, ಹಾಗೆಂದು ಬಿಟ್ಟರೆ ಎದುರಿನವರು ಯಾವಾಗ ಬಾಯಿ ತೆರೆಯಬೇಕೆಂದು ತಿಳಿಯದೆ ಕೂರುತ್ತಾರೆ. ನಾವು ಮಾಡುವುದು ಹೀಗೆ: ಪ್ರತಿ ಮಾತುಗಾರಿಕೆಯ ಕೊನೆಯ ಒಂದೇ ವಾಕ್ಯವನ್ನು ಅಕ್ಷರಶಃ ಗಟ್ಟಿ ಮಾಡುತ್ತೇವೆ. ಅದರ ಹಿಂದಿನದೆಲ್ಲ ಆಶು. ದಲಂಗ್ ಆ ಒಂದು ಕನ್ನಡ ವಾಕ್ಯವನ್ನು ಕಿವಿಯಲ್ಲಿ ಕಲಿಯುತ್ತಾರೆ, ನಮ್ಮ ವೇಷಧಾರಿ ಅವರ ಜಾವಾನೀಸ್ ವಾಕ್ಯವನ್ನು. ತೆರೆಯ ಮೇಲಿನ ಅನುವಾದವೂ ಇದಕ್ಕೇ ಅಂಟಿಕೊಳ್ಳುತ್ತದೆ. ಆಶುವಾದದ್ದಕ್ಕೆ ಪದಪದದ ಅನುವಾದ ಸಾಧ್ಯವಿಲ್ಲ. ಭಾಗಕ್ಕೆ ನಾಲ್ಕೈದು ಮುಖ್ಯ ಅಂಶ ಬರೆದಿಟ್ಟು, ಆ ಅಂಶ ಬಂದಾಗ ಅದರ ಸಾಲನ್ನು ಕೈಯಿಂದ ತೆರೆಗೆ ತರಬೇಕು. ಒಂದು ಸಲಕ್ಕೆ ಎರಡು ಸಾಲು, ಹತ್ತು ಹನ್ನೆರಡು ಪದ, ಕನಿಷ್ಠ ಐದು ಸೆಕೆಂಡ್. ಸಾಲು ಬದಲಿಸುವವರಿಗೆ ಎರಡೂ ಭಾಷೆ ಬರಬೇಕು. ಬರೀ ಕಂಪ್ಯೂಟರ್ ಬಲ್ಲವರನ್ನು ಕೂರಿಸಿದರೆ ಮೊದಲ ವಿಸ್ತರಣೆಯಲ್ಲೇ ತಪ್ಪುತ್ತದೆ.

ಕತೆಯ ಬಗ್ಗೆ ಈಗ ಹೇಳಬಹುದು. ಕರ್ಣಪರ್ವ ಎರಡೂ ಕಡೆ ಇದೆ, ಆದರೆ ಒಂದೇ ಅಲ್ಲ. ಜಾವಾದಲ್ಲಿ ಕರ್ಣನ ಹೆಂಡತಿ ಸುರ್ತಿಕಾಂತಿ, ಆಕೆ ಶಲ್ಯನ ಮಗಳು. ಅಂದರೆ ಸಾರಥಿಯಾಗಿ ಕೂತವನು ಮಾವ. ನಮ್ಮ ಕುಮಾರವ್ಯಾಸನ ಶಲ್ಯ, ತೊಟ್ಟ ಬಾಣವನ್ನು ಮತ್ತೆ ತೊಡಲಾರೆ ಎಂದ ಕರ್ಣನನ್ನು ಬಿಟ್ಟು ರಥ ಇಳಿದು ಹೋಗುವವನು. ಇವೆರಡನ್ನು ಬೆಸೆದು ಒಂದು ಕತೆ ಮಾಡಲು ಹೋಗಬೇಡಿ. ಬಡಗಿನ ಕರ್ಣ ವೇಷ ಪರದೆಯ ಈಚೆ ನಿಂತು ಸಾರಥಿಯನ್ನು ದೂರುತ್ತಾನೆ, ಪರದೆಯ ಮೇಲಿನ ತೊಗಲಿನ ಶಲ್ಯ ಅಳಿಯನಿಗೆ ಉತ್ತರ ಕೊಡುತ್ತಾನೆ. ಇಬ್ಬರೂ ತಂತಮ್ಮ ಪರಂಪರೆಗೆ ಪ್ರಾಮಾಣಿಕರಾಗಿಯೇ ಇರುತ್ತಾರೆ, ಪ್ರೇಕ್ಷಕರಿಗೆ ಇಬ್ಬರ ನೋವೂ ಮುಟ್ಟುತ್ತದೆ. ಹೊಸ ಅರ್ಥ ಹುಟ್ಟುವುದು ಅಲ್ಲೇ.

ಪರದೆಯನ್ನು ಮಧ್ಯಕ್ಕೆ ಕಟ್ಟಬೇಡಿ. ಸುಮಾರು ನಾಲ್ಕು ಮೀಟರ್ ಅಗಲದ ಬಿಳಿ ಪರದೆಯನ್ನು ರಂಗದ ಎಡಕ್ಕೆ ಓರೆಯಾಗಿ ನಿಲ್ಲಿಸಿ, ವೇಷಧಾರಿಯ ಕುಣಿತದ ಜಾಗಕ್ಕೂ ಅದಕ್ಕೂ ಮೂರು ಮೀಟರ್ ಬಿಡಿ. ಯಕ್ಷಗಾನಕ್ಕೆ ಎದುರಿನಿಂದ ಬೆಳಕು ಕೊಟ್ಟರೆ ಅದು ಹೋಗಿ ಪರದೆಗೆ ಬಡಿದು ನೆರಳನ್ನೆಲ್ಲ ತೊಳೆದುಹಾಕುತ್ತದೆ. ಪಕ್ಕದಿಂದ, ಮೇಲಿನಿಂದ ಕೊಡಿ. ಎಣ್ಣೆಯ ದೀಪ ಚೆಂದ, ಆದರೆ ವೇಷಧಾರಿ ಪರದೆಯ ಹಿಂದೆ ಹೋಗುವ ದೃಶ್ಯವಿದ್ದರೆ ಬೆಂಡು ಬಟ್ಟೆಯ ತಲೆಕಟ್ಟಿಗೆ ಬೆಂಕಿಯ ಅಪಾಯ. ಬೆಚ್ಚನೆ ಬಣ್ಣದ ವಿದ್ಯುತ್ ದೀಪವೇ ಇರಲಿ. ಗೆಂಡೇರಿನ ದನಿ ಮೆತ್ತಗೆ, ಚಂಡೆ ಅದನ್ನು ನುಂಗುತ್ತದೆ. ಚಂಡೆ ಆರೇಳು ಮೀಟರ್ ಹಿಂದಕ್ಕೆ, ಮೈಕ್ ಇಲ್ಲದೆ. ಗೆಂಡೇರಿನ ಕೊಳವೆಗಳ ಪಕ್ಕಕ್ಕೆ ಮೈಕ್. ದಲಂಗ್ ಮಾತಾಡುವಾಗ ಮದ್ದಳೆ ಮಾತ್ರ.

ಆಯ್ಕೆ, ಹಣ, ಕರಾರು

ಉತ್ಸವದವರು ದೂರದಲ್ಲಿ ಕೂತು ಜೋಡಿ ಮಾಡುವ ಪದ್ಧತಿಗೆ ನಾವು ಒಪ್ಪುವುದಿಲ್ಲ. ಮೊದಲ ಭೇಟಿಗೆ ಪ್ರದರ್ಶನದ ಷರತ್ತು ಇರಬಾರದು. ಇಬ್ಬರಿಗೂ ಬೇಡವೆನಿಸಿದರೆ ಅಲ್ಲಿಗೇ ನಿಲ್ಲಿಸುವ ಹಕ್ಕು ಬೇಕು. ಎರಡೂ ಕಡೆಯವರು ಎರಡು ಪಟ್ಟಿ ಕೊಡುತ್ತಾರೆ: ಹಂಚಿಕೊಳ್ಳಬಹುದಾದ ಮೂರು ಭಾಗಗಳು, ಯಾವ ಕಾರಣಕ್ಕೂ ತುಂಡು ಮಾಡಬಾರದವು. ಜಾವಾದ ರುವಾತಾನ್ ದೋಷಪರಿಹಾರದ ಆಚರಣೆ, ಅದಕ್ಕೆ ಅಧಿಕಾರ ಇರುವ ದಲಂಗರೇ ಬೇರೆ. ಅದರ ಒಂದು ಚೂರು ಕೇಳುವುದೂ ಸಲ್ಲ. ನಮ್ಮ ಚೌಕಿಪೂಜೆಯೂ ಹಾಗೆಯೇ. ಜಂಟಿ ತಾಲೀಮಿನ ಆರನೇ ಏಳನೇ ದಿನಕ್ಕೆ ಊರಿನವರನ್ನು ಕರೆದು ಅರೆಬರೆ ಕೆಲಸವನ್ನೇ ತೋರಿಸಿ. ರಾತ್ರಿಯಿಡೀ ಆಟ ನೋಡಿ ಪಳಗಿದ ಪ್ರೇಕ್ಷಕರು ಎಲ್ಲಿ ಕೆಮ್ಮುತ್ತಾರೆ, ಎಲ್ಲಿ ಎದ್ದು ಹೋಗುತ್ತಾರೆ ಎಂದು ಗುರುತಿಸಿಕೊಳ್ಳಿ.

ಸಂಭಾವನೆ ಇಬ್ಬರಿಗೂ ಒಂದೇ ದರ. ತಾಲೀಮಿನ ದಿನಕ್ಕೂ ಕೊಡಬೇಕು. ಜಮಾ-ಖರ್ಚಿನ ಹಾಳೆ ಎಲ್ಲರಿಗೂ ತೆರೆದಿರಲಿ, ಒಟ್ಟು ಹಣದ ಹತ್ತನೇ ಒಂದು ಪಾಲು ಕೈಹಚ್ಚದೆ ಇರಲಿ. ಕರಾರು ಕನ್ನಡ, ಇಂಡೊನೇಷ್ಯನ್, ಇಂಗ್ಲಿಷ್ ಮೂರರಲ್ಲೂ ಇರಬೇಕು, ಸಹಿಗೆ ಮೊದಲು ಗಟ್ಟಿಯಾಗಿ ಓದಿ ಹೇಳಬೇಕು. ಅದರಲ್ಲಿ ಬರಲೇಬೇಕಾದ ಮಾತು: ತಾವು ತಂದದ್ದು ತಮ್ಮದು, ಬೇರೆಡೆ ಬಳಸಲು ಯಾರ ಅಪ್ಪಣೆಯೂ ಬೇಡ. ಜಂಟಿಯಾಗಿ ಕಟ್ಟಿದ ಭಾಗ ಮತ್ತು ವಿಡಿಯೊಗೆ ಇಬ್ಬರ ಒಪ್ಪಿಗೆಯೂ ಬೇಕು.

ವಾದ್ಯ, ಗೊಂಬೆಗಳ ಸಾಗಣೆಗೆ, ಸುಂಕ ಕಟ್ಟದೆ ತಾತ್ಕಾಲಿಕವಾಗಿ ಒಯ್ದು ತರಲು ಬಿಡುವ ಎಟಿಎ ಕಾರ್ನೆಟ್ ಎಂಬ ಪತ್ರ ಮಾಡಿಸಿ. ಭಾರತದಲ್ಲಿ ಅದನ್ನು ಕೊಡುವುದು ಫಿಕ್ಕಿ ಎಂಬ ವಾಣಿಜ್ಯೋದ್ಯಮ ಸಂಘ, ಇಂಡೊನೇಷ್ಯಾವೂ ಮಾನ್ಯ ಮಾಡುತ್ತದೆ, ಅವಧಿ ಒಂದು ವರ್ಷ. ಪಟ್ಟಿಯಲ್ಲಿ ಗೊಂಬೆ ಎಂದಷ್ಟೇ ಬರೆದರೆ ಕಸ್ಟಮ್ಸ್‌ನಲ್ಲಿ ಗಂಟೆಗಟ್ಟಲೆ ಕೂರಬೇಕಾಗುತ್ತದೆ. ಎಮ್ಮೆಯ ತೊಗಲು, ಎಮ್ಮೆಯ ಕೊಂಬಿನ ಹಿಡಿಕೆ ಎಂದು ಒಂದೊಂದಕ್ಕೂ ಬರೆದು ಫೋಟೊ ಲಗತ್ತಿಸಿ. ಟಿಕೆಟ್ ಇಟ್ಟ ಆಟಕ್ಕೆ ಪ್ರವಾಸಿ ವೀಸಾದಲ್ಲಿ ಹೋಗಬೇಡಿ, ಎರಡು ತಿಂಗಳು ಮೊದಲೇ ಸರಿಯಾದ ಅರ್ಜಿ ಹಾಕಿ. ಎ.ಸಿ. ಇರುವ ಸಭಾಂಗಣದಲ್ಲಿ ಒಣ ಗಾಳಿಗೆ ಚರ್ಮ ಬಿಗಿದು ಮದ್ದಳೆಯ ಶ್ರುತಿ ಏರುತ್ತದೆ, ಕಂಚಿನದು ಇದ್ದಲ್ಲೇ ಇರುತ್ತದೆ. ಆಟಕ್ಕೆ ಎರಡು ಗಂಟೆ ಮೊದಲೇ ಚರ್ಮವಾದ್ಯಗಳನ್ನು ರಂಗದ ಮೇಲೆ, ದೀಪ ಹಚ್ಚಿದ ಸ್ಥಿತಿಯಲ್ಲೇ ಇಟ್ಟು, ಕೊನೆಯ ಶ್ರುತಿಯನ್ನು ಆಟಕ್ಕೆ ಕಾಲು ಗಂಟೆ ಇರುವಾಗ ಗೆಂಡೇರಿಗೆ ಮಾಡಿಕೊಳ್ಳಿ.